ಗಾದಿ ಅಂಗಡಿಯ ತನಕ

ಹೊಸದಾಗಿ ಹಿಂಜಿದ ಹತ್ತಿಗೆ ಒಂದು ವಾಸನೆ ಇರುತ್ತದೆ. ಬಿಸಿಲು, ಧೂಳು, ತುಸು ಹತ್ತಿಕಾಳಿನ ಎಣ್ಣೆ ಕೂಡಿದ ವಾಸನೆ. ಕಾಳವ್ವ ಸಣ್ಣವಳಿದ್ದಾಗ ದೀಪಾವಳಿಗೆ ಮುಂಚೆ ಪಿಂಜಾರ ಬಡೇಸಾಬ ಬಿಲ್ಲು ಹೊತ್ತುಕೊಂಡು ಅವರ ಅಂಗಳಕ್ಕೆ ಬಂದು, ದಿನವಿಡೀ ಟೊಂಯ್ ಟೊಂಯ್ ಎನ್ನಿಸುತ್ತ ಹತ್ತಿ ಹಿಂಜಿ ಗಾದಿ ತುಂಬುತ್ತಿದ್ದ. ಅವನ ಬೆನ್ನಿಗೇ ಬರುತ್ತಿದ್ದ ಮಗಳು ಗುಲ್ಜಾರಬಿಯೂ ಕಾಳವ್ವನೂ ಹತ್ತಿಯ ರಾಶಿಯಲ್ಲಿ ಹೊರಳಾಡಿ ಬೈಸಿಕೊಳ್ಳುತ್ತಿದ್ದರು.

ಈಗ ಇಬ್ಬರಿಗೂ ಅರವತ್ತು ದಾಟಿದೆ. ಗುಲ್ಜಾರಬಿಯದು ಕೇಶ್ವಾಪುರದಲ್ಲಿ ಗಾದಿ ಅಂಗಡಿ. ಕಾಳವ್ವನ ಮನೆಯಿಂದ ಕಾಲು ತಾಸಿನ ದಾರಿ. ಬಿಲ್ಲು ಹೋಗಿ ಮಷೀನು ಬಂದಿದೆ. ವಾಸನೆ ಮಾತ್ರ ಅದೇ.

ಎರಡು ವರ್ಷದ ಹಿಂದೆ ಕಾಳವ್ವನಿಗೆ ಗುದನಾಳದ ಕ್ಯಾನ್ಸರ್ ಆಯಿತು. ಕೇಳಿದವರಿಗೆಲ್ಲ ಮನೆಯವರು 'ಹೊಟ್ಟಿ ಆಪರೇಷನ್' ಎಂದರು. ಅವಳೂ ಹಾಗೇ ಎಂದಳು. ವಿಕಿರಣದ ಕರೆಂಟು ಕೊಟ್ಟರು, ಕೊಯ್ದರು, ಕೆಲವು ತಿಂಗಳು ಹೊಟ್ಟೆಯ ಮೇಲೆ ಮಲದ ಚೀಲ ಕಟ್ಟಿ ಮತ್ತೆ ತೆಗೆದರು. ರೋಗ ಹೋಯಿತು ಎಂದು ಡಾಕ್ಟರು ಹೇಳಿದ ದಿನ ಸೊಸೆ ಭಾಗ್ಯಶ್ರೀ ಓಣಿಗೆಲ್ಲ ಪೇಢೆ ಹಂಚಿದಳು.

ಆದರೆ ಕೊಯ್ದು ಕೂಡಿಸಿದ ಕರುಳಿಗೆ ಮೊದಲಿನ ತಾಳ್ಮೆ ಉಳಿಯಲಿಲ್ಲ. ಹೊಟ್ಟೆಯಲ್ಲಿ ಅನ್ನವಿದ್ದರೆ ಅದು ಯಾವ ಹೊತ್ತಿನಲ್ಲಿ ಅವಸರ ಮಾಡುತ್ತದೆ ಎಂದು ಹೇಳುವಂತಿರಲಿಲ್ಲ. ಒಮ್ಮೆ ಕಾಯಿಪಲ್ಲೆ ತರಲು ಹೋದಾಗ ನಡುಬೀದಿಯಲ್ಲೇ ಸೀರೆ ಕೆಟ್ಟಿತು. ಆಟೋದ ಯಾಸೀನ ಸೀಟಿನ ಮೇಲೆ ತನ್ನ ಟವೆಲ್ಲು ಹಾಸಿ, "ಕೂಡ್ರಿ ಅವ್ವಾರ" ಎಂದ. ಮನೆ ಬರುವ ತನಕ ಕನ್ನಡಿಯಲ್ಲಿ ಒಮ್ಮೆಯೂ ಹಿಂದೆ ನೋಡಲಿಲ್ಲ. ಕಾಳವ್ವ ಟವೆಲ್ಲನ್ನು ಒಗೆದು ಇಸ್ತ್ರಿ ಮಾಡಿ ಕಳಿಸಿದಳು. ಆದರೆ ಮುಂದೆ ಹೊಸ್ತಿಲು ದಾಟಲು ಅವಳಿಗೆ ಧೈರ್ಯ ಬರಲಿಲ್ಲ. ಕಾಲು ಸೋತವು, ನಿದ್ದೆ ಹಾರಿತು, ಮಾತೂ ಕಡಿಮೆಯಾಯಿತು.

ತಪಾಸಣೆಗೆ ಹೋದಾಗ ನರ್ಸಮ್ಮ ಗದರಿಸಿದಳು. "ಹಿಂಗ ಹಾಸಿಗಿ ಹಿಡದು ಕುಂತ್ರ, ಬ್ಯಾನಿ ಹೋದ್ರೂ ನೀವು ಬ್ಯಾನಿ ಮನಶ್ಯಾಳಾಗೇ ಉಳೀತೀರಿ. ದಿನಾ ನಡೀರಿ. ಕಾಲಿಗೆ ಬಲ ಬರತೈತಿ, ಮನಸೂ ಹಗರಾಗತೈತಿ."

ಕಾಳವ್ವ ಯೋಚಿಸಿ ತನ್ನದೇ ಒಂದು ಉಪಾಯ ಮಾಡಿದಳು. ಹೊಟ್ಟೆ ಖಾಲಿ ಇದ್ದರೆ ಕರುಳಿಗೆ ಅವಸರವೆಲ್ಲಿಯದು? ರಾತ್ರಿಯ ಊಟ ಬಿಟ್ಟಳು, ಬೆಳಗಿನ ನಾಷ್ಟಾ ಬಿಟ್ಟಳು. ಸೊಸೆ ಕೇಳಿದರೆ ಮೊದಮೊದಲು ಹಸಿವಿಲ್ಲ ಎಂದಳು, ಆಮೇಲೆ 'ಗುಲ್ಜಾರನ ಕಡೆ ತಿಂತೇನಿ' ಎಂದಳು. ಮೊದಲು ಓಣಿಯ ಮೂಲೆಯ ತನಕ, ಆಮೇಲೆ ಹಿಟ್ಟಿನ ಗಿರಣಿಯ ತನಕ, ಕಡೆಗೆ ಗಾದಿ ಅಂಗಡಿಯ ತನಕ ನಡೆದಳು. ದಾರಿಯಲ್ಲಿ ಹೂವಿನವಳು ಮಾತಾಡಿಸಿದಳು. ರಾತ್ರಿ ನಿದ್ದೆ ಬಂತು. ತಾನಿನ್ನೂ ಈ ಊರಿನವಳು ಎನ್ನಿಸಿತು. ಮೈ ಇಳಿಯುತ್ತಿದೆ ಎಂದು ಅವಳಿಗೆ ಗೊತ್ತಿತ್ತು. ಆದರೂ ಆ ದಾರಿಯನ್ನು ಇನ್ನೊಮ್ಮೆ ಕಳೆದುಕೊಳ್ಳಲು ಅವಳು ತಯಾರಿರಲಿಲ್ಲ.

ಗುಲ್ಜಾರಬಿ ದಿನವೂ ಏನಾದರೊಂದು ಮುಂದಿಡುತ್ತಿದ್ದಳು. ಕಾಳವ್ವ ದಿನವೂ ಒಲ್ಲೆ ಎನ್ನುತ್ತಿದ್ದಳು. ಒಂದು ಮುಂಜಾನೆ ಗುಲ್ಜಾರಬಿ ಮಿರಿಮಿರಿ ಮಿಂಚುವ ಡಬ್ಬಿಯೊಂದನ್ನು ತೆರೆದಳು. ಒಳಗೆ ಶಾವಿಗೆ ಪಾಯಸ.

"ಇವತ್ತ ಒಲ್ಲೆ ಅನಬ್ಯಾಡ ಮತ್ತ."

"ಈಗಷ್ಟ ಉಂಡು ಬಂದೇನವಾ. ಹೊಟ್ಟಿ ತುಂಬೇತಿ."

"ದಿನಾ ತುಂಬೇ ಇರತೈತಿ. ಹೊಟ್ಟಿ ಏನದು, ಜೋಳ ತುಂಬೂ ಹಗೇವೋ?"

ಗಾದಿ ಹೊಲಿಯುತ್ತಿದ್ದ ಗುಲ್ಜಾರಬಿಯ ಸೊಸೆ ಮಹೆಕ ಕಿಸಕ್ಕನೆ ನಕ್ಕಳು. ಕಾಳವ್ವನೂ ನಕ್ಕಳು. ಕೈ ಮಾತ್ರ ಚಾಚಲಿಲ್ಲ. ಗುಲ್ಜಾರಬಿಯ ಮುಖ ಸಣ್ಣಗಾಯಿತು.

"ಡಬ್ಬಿ ಹೊಸಾದೈತಿ, ಕಾಳಿ. ಚೀಟಿ ಸೈತ ಕಿತ್ತಿಲ್ಲ, ನೋಡು. ನೀವು ಲಿಂಗವಂತರು, ನಮ್ಮ ಪಾತ್ರಿ ನಡಿಯಾಂಗಿಲ್ಲೇನೋ ಅಂತ ಬ್ಯಾರೇನ ತಂದು ಮಾಡೇನಿ. ಸಣ್ಣಾಕಿದ್ದಾಗ ನಾ ಕಚ್ಚಿದ ಪ್ಯಾರಲಹಣ್ಣ ಕಸಗೊಂಡು ತಿಂದಾಕಿ ನೀನು! ಒಲ್ಲೆ ಅಂದ್ರ ಖರೇ ಹೇಳು, ದಿನಾ ಸುಳ್ಳ ಯಾಕ? ನಾಳಿಂದ ನಾ ಕೇಳೂದಿಲ್ಲ. ನೀನೂ ಬರಬ್ಯಾಡ."

ಕಾಳವ್ವ ಏನೋ ಹೇಳಲು ಎದ್ದಳು. ಕಣ್ಣು ಕತ್ತಲೆಗಟ್ಟಿ, ಗಾದಿಗಳ ಮೇಲೆ ಕುಸಿದು ಕೂತಳು. ಗುಲ್ಜಾರಬಿ ಓಡಿ ಬಂದು ಹಿಡಿದಳು. ತಣ್ಣಗಿನ ಕೈ, ಎಲುಬಷ್ಟೇ ಉಳಿದ ತೋಳು.

"ಯಾ ಅಲ್ಲಾ! ನೀ ಏನೂ ಉಂಡಿಲ್ಲ!"

ಕಾಳವ್ವನ ಕಣ್ಣು ಒಮ್ಮೆ ಮಹೆಕಳ ಕಡೆ ಹೋಯಿತು. ಆ ಹುಡುಗಿ ಸೂಜಿ ಕೆಳಗಿಟ್ಟು ಎದ್ದು, ಯಾರೂ ಹೇಳದೆಯೇ ಹತ್ತಿ ಹಿಂಜುವ ಮಷೀನು ಚಾಲೂ ಮಾಡಿ, ಅತ್ತ ಮುಖ ತಿರುಗಿಸಿ ನಿಂತಳು. ಆ ಗದ್ದಲದಲ್ಲಿ ಕಾಳವ್ವ ಗೆಳತಿಯ ಕಿವಿಗೆ ಬಾಯಿ ಹಚ್ಚಿ, ಯಾರಿಗೂ ಹೇಳದ್ದನ್ನು ಹೇಳಿದಳು.

"ಆಪರೇಷನ್ ಹೊಟ್ಟೀದಲ್ಲ ಗುಲ್ಜಾರ, ಕೆಳಗಿಂದು. ಉಂಡ್ರ ದಾರ‍್ಯಾಗ ತಡಕೊಳ್ಳಾಕ ಆಗೂದಿಲ್ಲ. ನಡಿಯೂದು ಬಿಟ್ರ ಮತ್ತ ಹಾಸಿಗಿ ಹಿಡೀತೇನಿ. ಅದಕ್ಕ ಉಣ್ಣೂದು ಬಿಟ್ಟೇನಿ." ಉಸಿರು ತೆಗೆದುಕೊಂಡು ಮತ್ತೆ ಅಂದಳು, "ಹೊಸಾ ಡಬ್ಬಿ ಯಾಕ ತಂದಿ? ನೀ ಉಣ್ಣೂ ತಾಟಿನಾಗ ಕೊಟ್ಟಿದ್ರೂ ಉಣತಿದ್ದೆ."

ಗುಲ್ಜಾರಬಿ ಸೆರಗಿನಿಂದ ಮೊದಲು ಅವಳ ಕಣ್ಣು ಒರೆಸಿದಳು, ಆಮೇಲೆ ತನ್ನದು.

"ಹುಚ್ಚಿ! ನಮ್ಮ ಅಂಗಡಿ ಹಿತ್ತಲದಾಗ ಪಾಯಖಾನಿ ಇಲ್ಲೇನು? ಅಲ್ಲಿ ನಿನ್ನ ಮನಿ, ಇಲ್ಲಿ ನನ್ನ ಮನಿ. ನಡುವ ಕಾಲು ತಾಸು. ಇಲ್ಲಿ ಬಂದು ಉಣ್ಣು, ಹೊಟ್ಟಿ ಹಗರಾದ ಮ್ಯಾಲ ನಡದು ಹೋಗು. ಅಷ್ಟಕ್ಕ ಉಪಾಸ ಸಾಯಾಕತ್ತೀಯೇನ?"

"ಅದರ ತುಂಬ ಹಳೇ ಹತ್ತಿ ಚೀಲ ಒಟ್ಟೀರಲ್ಲ."

"ಚೀಲಕ್ಕ ಕಾಲಿಲ್ಲ ಖರೇ. ನಮಗ ಕೈ ಇಲ್ಲೇನು?"

ಆ ದಿನ ಗುಲ್ಜಾರಬಿ ಎರಡು ಚಮಚ ಪಾಯಸ ಕುಡಿಸಿ, ಯಾಸೀನನ ಆಟೋ ಕರೆಸಿ ಮನೆಗೆ ಕಳಿಸಿದಳು.

ಮರುದಿನ ಕಾಳವ್ವ ನಡೆದೇ ಬಂದಳು, ರೂಢಿಯಂತೆ ಹಸಿದುಕೊಂಡೇ. ಗೆಳತಿಗೆ ಹೇಳಿದ್ದು ಹೆಚ್ಚಾಯಿತೇನೋ ಎಂಬ ಅಳುಕು ದಾರಿಯುದ್ದಕ್ಕೂ ಇತ್ತು. ಅಂಗಡಿಯ ಮುಂಭಾಗದಲ್ಲಿ ಗಿರಾಕಿಗಳು ಕೂರುವ ಅರ್ಧ ಜಾಗವನ್ನು ಹತ್ತಿಯ ಚೀಲಗಳು ತಿಂದಿದ್ದವು. ಹಿತ್ತಲ ಬಾಗಿಲು ತೆರೆದಿತ್ತು. ಅಲ್ಲಿ ಪಾಯಖಾನೆ ತೊಳೆದಾಗಿತ್ತು, ಬಾಗಿಲಿಗೆ ಹೊಸ ಚಿಲಕ ಬಂದಿತ್ತು. ಬಕೆಟ್ಟಿನ ಬಿಸಿನೀರಿನ ಮೇಲೆ ಹಬೆ ಆಡುತ್ತಿತ್ತು. ಮೊಳೆಗೆ ಒಗೆದ ಸೀರೆಯೊಂದು ನೇತಾಡುತ್ತಿತ್ತು, ಬೇಕಾದರೆ ಇರಲಿ ಎಂದು. ಮಹೆಕ ಹೊಲಿಗೆಯಿಂದ ತಲೆ ಎತ್ತಿ, "ಬರ್ರಿ ಖಾಲಾ" ಎಂದವಳು ಮತ್ತೆ ತಲೆ ತಗ್ಗಿಸಿದಳು.

ಕಾಳವ್ವ ತನ್ನ ಎಂದಿನ ಜಾಗದಲ್ಲಿ, ಹತ್ತಿಯ ವಾಸನೆಯ ನಡುವೆ ಕೂತಳು. ಗುಲ್ಜಾರಬಿ ಒಳಗಿನಿಂದ ಬಂದಳು. ಕೈಯಲ್ಲಿ ಮೆತ್ತಗಿನ ಮೊಸರನ್ನದ ತಾಟು ಇತ್ತು, ಅಂಚಿನಲ್ಲಿ ಗುಲ್ಜಾರಬಿಯದೇ ಹೆಸರು ಕೊರೆಸಿದ, ತಿಕ್ಕಿ ತಿಕ್ಕಿ ಅಕ್ಷರ ಸವೆದ, ಮದುವೆಯ ಕಾಲದ ತಾಟು. ಅದನ್ನು ಗೆಳತಿಯ ಎರಡೂ ಕೈಗೆ ಕೊಟ್ಟು, ಪಕ್ಕದಲ್ಲಿ ಕೂತು ಸೂಜಿಗೆ ದಾರ ಪೋಣಿಸತೊಡಗಿದಳು.