ಸಾಟಿ ಸಂಬಂಧ

ಮದುವೆಯಾಗಿ ಮೂರು ವರ್ಷ ತುಂಬುವ ಹೊತ್ತಿಗೆ ನೀಲಗಂಗವ್ವ ಸೊಸೆಗೆ ಸೋಮವಾರದ ದೀಡ ನಮಸ್ಕಾರ ಹಚ್ಚಿದಳು. ತಣ್ಣೀರು ಸುರಿದುಕೊಂಡು ಒದ್ದೆ ಸೀರೆಯಲ್ಲೇ ಲಕ್ಷ್ಮೇಶ್ವರದ ಸೋಮೇಶ್ವರ ಗುಡಿಯ ಸುತ್ತ ಮೈಚಾಚಿ ಮಲಗುವುದು, ಕೈ ಮುಟ್ಟಿದಲ್ಲಿ ಗೆರೆ ಎಳೆದು ಏಳುವುದು, ಆ ಗೆರೆಯ ಮೇಲೆ ನಿಂತು ಮತ್ತೆ ಮಲಗುವುದು. ಶೈಲಾಳ ಮೊಣಕಾಲುಗಳು ತರಚಿ ಹೋಗುತ್ತಿದ್ದವು. ಕಂಬದ ನೆರಳಿನಲ್ಲಿ ಕೂತ ನೀಲಗಂಗವ್ವ ಬಂದ ಬಂದ ಹೆಂಗಸರಿಗೆ, "ಒಂದ ಕೂಸಾಗಲಿ ಅಂತ ಸೊಸಿ ಕಡಿಂದ ಮಾಡಸಾಕತ್ತೀನ್ರಿ" ಎಂದು ಹೇಳುತ್ತಿದ್ದಳು. ಅವರು ಶೈಲಾಳ ಹೊಟ್ಟೆಯತ್ತ ನೋಡಿ ಅಯ್ಯೋ ಎಂದು ಮುಂದೆ ಹೋಗುತ್ತಿದ್ದರು.

ಆ ಮೂರು ವರ್ಷದಲ್ಲಿ ಗಂಡ ಸಿದ್ದಲಿಂಗೇಶ ಅವಳನ್ನು ಒಮ್ಮೆಯೂ ಮುಟ್ಟಿರಲಿಲ್ಲ. ಮದುವೆಯಾದ ನಾಲ್ಕನೆಯ ದಿನ ಅತ್ತೆ ಅವಳನ್ನು ದೇವರ ಕೋಣೆಗೆ ಕರೆದು, "ಅವಂದೊಂದ ವ್ರತ ಐತವ್ವಾ. ಒಂದ ವರ್ಷ ಸಂಸಾರ ಮಾಡಂಗಿಲ್ಲ. ಯಾರ ಮುಂದೂ ಆಡಬ್ಯಾಡ" ಎಂದಿದ್ದಳು. ವರ್ಷ ಕಳೆಯಿತು, ವ್ರತ ಕಳೆಯಲಿಲ್ಲ. "ಹಂಗಾದ್ರ ಕೂಸು ಹೆಂಗ ಆಗತೈತ್ರಿ ಅತ್ತಿ?" ಎಂದು ಒಮ್ಮೆ ಕೇಳಿದ್ದಕ್ಕೆ, "ದೇವರ ಮುಂದ ತರ್ಕ ಮಾಡಬಾರ್ದು" ಎಂಬ ಉತ್ತರ ಬಂತು. ಶೈಲಾ ಬಿ.ಎಡ್. ಮಾಡಿದವಳು. ಆದರೂ ಬಾಗಿಲು ಹಾಕಿಕೊಂಡು ಕನ್ನಡಿಯ ಮುಂದೆ ನಿಂತು ತನ್ನಲ್ಲೇನು ಕುಂದಿದೆ ಎಂದು ಹುಡುಕುತ್ತಿದ್ದಳು.

ತವರಿಗೆ ಹೇಳಿಕೊಳ್ಳುವಂತೆಯೂ ಇರಲಿಲ್ಲ. ಅವಳದು ಸಾಟಿ ಸಂಬಂಧ. ಒಂದೇ ಹಂದರದಲ್ಲಿ ಅವಳು ಸಿದ್ದಲಿಂಗೇಶನನ್ನು ಮದುವೆಯಾದರೆ, ಅವಳ ಅಣ್ಣ ಮೌನೇಶ ಸಿದ್ದಲಿಂಗೇಶನ ತಂಗಿ ಶೀತಲ್‌ಳನ್ನು ಮದುವೆಯಾಗಿದ್ದ. ಗದಗಿನ ಕಾಲೇಜಿನಲ್ಲಿ ಓದುವಾಗಿನಿಂದ ಮೌನೇಶ ಶೀತಲ್‌ಳನ್ನು ಬಯಸಿದ್ದ. "ನಮ್ಮ ಹುಡುಗಿ ನಿಮ್ಮ ಮನಿಗೆ ಬರಬೇಕಂದ್ರ ನಿಮ್ಮ ಹುಡುಗಿ ನಮ್ಮ ಮನಿಗೆ ಬರಬೇಕು" ಎಂದು ನೀಲಗಂಗವ್ವ ಪಟ್ಟು ಹಿಡಿದಿದ್ದಳು. ನೌಕರಿ ಸಿಗುವತನಕ ಮದುವೆ ಬೇಡವೆಂದಿದ್ದ ಶೈಲಾಳ ಎರಡೂ ಕೈ ಹಿಡಿದು ಅಣ್ಣ, "ನನ್ನ ಸಲುವಾಗಿ ಹೂಂ ಅನ್ನವಾ" ಎಂದಿದ್ದ. ಅಪ್ಪ ತೀರಿಕೊಂಡ ವರ್ಷ ಅವಳನ್ನು ಹತ್ತನೆಯ ತರಗತಿಯ ಪರೀಕ್ಷೆಗೆ ದಿನವೂ ಸೈಕಲ್ ಮೇಲೆ ಕೂರಿಸಿಕೊಂಡು ಹೋಗಿ, ಮುಗಿಯುವತನಕ ಗೇಟಿನ ಹೊರಗೆ ಬಿಸಿಲಲ್ಲಿ ನಿಂತಿದ್ದವನು ಅವನು. ಅವಳು ಹೂಂ ಅಂದಳು.

ಶೀತಲ್ ಬಸುರಾಗಿ ಏಳು ತಿಂಗಳಾದಾಗ ಶೈಲಾಳ ತವರಾದ ಬೆಟಗೇರಿಯ ಮನೆಯಲ್ಲಿ ಸೀಮಂತದ ಕುಬಸ ಇಟ್ಟರು. ಹಸಿರು ಸೀರೆ, ಕೈತುಂಬ ಹಸಿರು ಬಳೆ ತೊಟ್ಟ ಶೀತಲ್ ಕುರ್ಚಿಯ ಮೇಲೆ ಕೂತಿದ್ದಳು. ಶೈಲಾ ಆರತಿ ತಟ್ಟೆ ಎತ್ತಿಕೊಂಡು ಮುಂದೆ ಬಂದಳು. ಅವಳ ಸೋದರಮಾವ ಹುಚ್ಚೀರಪ್ಪನ ಹೆಂಡತಿ ಅವಳ ಕೈಯಿಂದ ತಟ್ಟೆ ತೆಗೆದುಕೊಂಡು, ಮೆಲ್ಲಗೆ, ಆದರೆ ಎಲ್ಲರಿಗೂ ಕೇಳುವಂತೆ, "ನೀ ಸ್ವಲ್ಪ ಆ ಕಡೆ ಸರಿಯವಾ. ಮಕ್ಕಳಾದವರು ಬೆಳಗಲಿ" ಎಂದಳು. ಶೈಲಾ ಅಣ್ಣನ ಕಡೆ ನೋಡಿದಳು. ಮೌನೇಶ ಜೇಬಿನಿಂದ ಮೊಬೈಲ್ ತೆಗೆದು ಅದರಲ್ಲಿ ಕಣ್ಣು ಹುಗಿದ.

ಅತ್ತೆಯನ್ನು ಅಲ್ಲೇ ಬಿಟ್ಟು ಶೈಲಾ, ಸಿದ್ದಲಿಂಗೇಶ ಇಬ್ಬರೂ ಮಧ್ಯಾಹ್ನವೇ ಕಾರಿನಲ್ಲಿ ಲಕ್ಷ್ಮೇಶ್ವರಕ್ಕೆ ಹೊರಟರು. ಸೊರಟೂರು ದಾಟಿದ ಮೇಲೆ ಸಿದ್ದಲಿಂಗೇಶ ಹತ್ತಿ ಹೊಲದ ಬದಿಗೆ ಗಾಡಿ ನಿಲ್ಲಿಸಿದ. ಕೈ ಸ್ಟಿಯರಿಂಗ್ ಬಿಟ್ಟಿರಲಿಲ್ಲ.

"ಶೈಲಾ, ಯಾವ ವ್ರತಾನೂ ಇಲ್ಲ. ನನಗ ಹೆಣ್ಣಮಕ್ಕಳ ಮ್ಯಾಲ ಮನಸ ಹೋಗಂಗಿಲ್ಲ. ತಿಳವಳಿಕಿ ಬಂದಾಗಿಂದ ಹಂಗ. ನನ್ನ ಮನಸ ಹೋಗೋದು ಗಂಡಸರ ಮ್ಯಾಲ."

ಶೈಲಾಳಿಗೆ ಮೊದಲು ಮೈ ಹಗುರಾದಂತಾಯಿತು. ಹಾಗಾದರೆ ಕುಂದು ತನ್ನಲ್ಲಿರಲಿಲ್ಲ. ಮರುಕ್ಷಣ ತರಚಿದ ಮೊಣಕಾಲುಗಳು ನೆನಪಾದವು.

"ಅತ್ತಿಗೆ ಗೊತ್ತೈತೇನ್ರಿ?"

"ಹೇಳಿದ್ದೆ. ಲಗ್ನ ಆದ್ರ ಎಲ್ಲಾ ನೆಟ್ಟಗಾಗತೈತಿ ಅಂದ್ಲು. ಒಲ್ಲೆ ಅಂದ್ರ ಬಾವಿ ಬೀಳತೀನಿ ಅಂದ್ಲು."

"ಲಗ್ನಕ್ಕಿಂತ ಮೊದಲ ನನಗೊಂದ ಮಾತ ಹೇಳಬೇಕಿತ್ತು ನೀವು."

"ನಿನ್ನ ಮುಂದ ಹೇಳೋ ಧೈರ್ಯ ಆಗಲಿಲ್ಲ. ನಿಮ್ಮ ಅಣ್ಣಗ ಹೇಳಿದ್ದೆ. ನಿಶ್ಚಯಕ್ಕ ಎಂಟ ದಿನ ಮೊದಲ, ಗದಗಿನ್ಯಾಗ ಚಾದಂಗಡ್ಯಾಗ ಕುಂದ್ರಿಸಿಕೊಂಡು. ನಿಮ್ಮ ತಂಗೀನ ನನಗ ಕೊಡಬ್ಯಾಡ್ರಿ ಅಂತ ಕೈ ಮುಗದೆ. ನಾ ನೋಡ್ಕೋತೀನಿ ಅಂದ. ಅಂವನ ನಿಮ್ಮ ಮನ್ಯಾಗ ಈ ಸಂಬಂಧ ಮುರೀತಾನ ಅಂತ ನಾ ಕಾಯಕೋತ ಕುಂತೆ. ಹಂದರ ಹಾಕಿದ್ರು."

"ಗಾಡಿ ತಿರಗಸ್ರಿ" ಎಂದಳು ಶೈಲಾ.

ಬೆಟಗೇರಿಯ ಮನೆಯಲ್ಲಿ ಇನ್ನೂ ಪಂಕ್ತಿಯ ಎಲೆ ಎತ್ತುತ್ತಿದ್ದರು. ಪಡಸಾಲೆಯಲ್ಲಿ ನೀಲಗಂಗವ್ವ, ಹುಚ್ಚೀರಪ್ಪ, ತಾಯಿ ಅಮೃತವ್ವ ಕೂತಿದ್ದರು. ಶೈಲಾ ನೇರ ಅಣ್ಣನ ಮುಂದೆ ಹೋಗಿ ನಿಂತಳು.

"ಅಣ್ಣಾ, ನನ್ನ ಗಂಡ ಎಂಥಾಂವ ಅಂತ ನಿನಗ ಲಗ್ನಕ್ಕ ಮೊದಲ ಗೊತ್ತಿತ್ತೇನು?"

ಮೌನೇಶ ಅವಳ ಹಿಂದೆ ನಿಂತ ಸಿದ್ದಲಿಂಗೇಶನನ್ನು ನೋಡಿದ. ಸುಳ್ಳಾಡಲು ದಾರಿ ಉಳಿದಿರಲಿಲ್ಲ. "ಸರಿ ಹೋಗತೈತಿ ಅಂದ್ಕೊಂಡಿದ್ದೆ."

"ಸರಿ ಹೋಗತೈತಿ ಅಂತಲ್ಲ. ನೀ ಬಾಯಿ ಬಿಟ್ಟಿದ್ರ ನಿನಗ ಶೀತಲ್ ಸಿಗತಿದ್ದಿಲ್ಲ."

ನೀಲಗಂಗವ್ವ ಎದ್ದು, "ಇಂಥಾ ಮಾತು ಕುಬಸದ ಮನ್ಯಾಗ ಆಡತಾರೇನವಾ?" ಎಂದು ಗದರಿದಳು. ಸಿದ್ದಲಿಂಗೇಶ, "ಅವ್ವಾ, ಸಾಕ ಮಾಡು. ಖರೇನ ಐತಿ ಆಕಿ ಹೇಳೂದು" ಎಂದ. ಅಷ್ಟು ಜನರ ಮುಂದೆ ಅವನು ತಾಯಿಗೆ ಎದುರಾಡಿದ್ದು ಅದೇ ಮೊದಲು.

ಶೈಲಾ ತಾಯಿಯ ಕಡೆ ತಿರುಗಿದಳು. ಅಮೃತವ್ವನಿಗೆ ಏನೂ ತಿಳಿದಿರಲಿಲ್ಲ, ಅದು ಅವಳ ಮುಖದಲ್ಲೇ ಇತ್ತು. ಆದರೆ ಅವಳು ಮಗಳನ್ನು ಒಳಗೆಳೆದುಕೊಂಡು ಹೋಗಿ ಹೇಳಿದ್ದೇ ಬೇರೆ. "ನಿನ್ನ ಕಾಲ ಬೀಳತೀನಿ, ಬಾಯಿ ಮುಚ್ಚಿಕೊಂಡ ಹೋಗವಾ. ಶೀತಲ್ ಏಳ ತಿಂಗಳ ಬಸರಿ. ನೀ ಬಿಟ್ಟ ಬಂದ್ರ ಬೀಗರು ಆಕೀನ ಕರಕೊಂಡ ಹೊಕ್ಕಾರ. ಅಣ್ಣನ ಸಂಸಾರ ಒಡೀಬ್ಯಾಡ."

"ನನ್ನ ಸಂಸಾರ ಅವ್ವಾ?" ಎಂದಳು ಶೈಲಾ. ಹೊರಗೆ ಹುಚ್ಚೀರಪ್ಪ, "ಸಾಟಿ ಅಂದ್ರ ಸಾಟಿ. ಈಕಿ ಬಂದ್ರ ಆಕಿ ಹೋಗಬೇಕು" ಎನ್ನುತ್ತಿದ್ದ.

ಆಗ ಶೀತಲ್ ಹೊಟ್ಟೆ ಹಿಡಿದುಕೊಂಡು ಬಾಗಿಲಿಗೆ ಬಂದಳು. ಎಲ್ಲ ಕೇಳಿಸಿಕೊಂಡಿದ್ದಳು. "ನಾ ಎಲ್ಲಿಗೂ ಹೋಗಂಗಿಲ್ಲ. ನಾವೇನ ದನಾ ಏನ್ರಿ ಮಾವಾರ, ಅದಲಬದಲ ಮಾಡಾಕ?" ಎಂದಳು. ಆಮೇಲೆ ಗಂಡನಿಗೆ, "ನನಗರ ಹೇಳಬೇಕಿತ್ತಿಲ್ಲೋ" ಎಂದು ಅಲ್ಲೇ ಕುಸಿದು ಕೂತು ಅತ್ತಳು. ಶೈಲಾಳೇ ಹೋಗಿ ಅವಳ ಬೆನ್ನು ಸವರಿದಳು.

ಶೈಲಾ ಲಕ್ಷ್ಮೇಶ್ವರಕ್ಕೆ ಮರಳಲಿಲ್ಲ, ತವರಲ್ಲೂ ಉಳಿಯಲಿಲ್ಲ. ಗೆಳತಿ ಕೌಸರ ಮುಂಡರಗಿಯ ಖಾಸಗಿ ಶಾಲೆಯೊಂದರಲ್ಲಿ ಕಲಿಸುತ್ತಿದ್ದಳು. ಅವಳ ಮೂಲಕ ಅಲ್ಲೇ ಕೆಲಸ ಸಿಕ್ಕಿತು, ಶಾಲೆಯ ಹಿಂದೆ ಒಂದು ಕೋಣೆಯೂ ಸಿಕ್ಕಿತು. ಗದಗಿನ ಕೋರ್ಟಿಗೆ ಗಂಡ ಹೆಂಡತಿ ಇಬ್ಬರೂ ಕೂಡಿಯೇ ವಿಚ್ಛೇದನದ ಅರ್ಜಿ ಹಾಕಿದರು. ಸಿದ್ದಲಿಂಗೇಶ ಕರೆದಾಗಲೆಲ್ಲ ಬಂದು ಸಹಿ ಮಾಡಿದ. ಅವನ ಗುಟ್ಟನ್ನು ಅವಳು ಊರಿಗೆ ಹಂಚಲಿಲ್ಲ. ಮುಂಡರಗಿಯಲ್ಲಿ ಯಾರಾದರೂ ಕೆದಕಿದರೆ, "ನಮ್ಮ ಸಂಸಾರ ಸುರುವ ಆಗಿರಲಿಲ್ರಿ" ಎನ್ನುತ್ತಿದ್ದಳು. ಅವನ ಮೇಲಿನ ಸಿಟ್ಟು ತಿಂಗಳು ಕಳೆದಂತೆ ಇಳಿಯಿತು. ಅಣ್ಣನ ಫೋನನ್ನು ಮಾತ್ರ ಎತ್ತಲಿಲ್ಲ.

ಶೀತಲ್‌ಗೆ ಹೆಣ್ಣು ಕೂಸಾಯಿತು. ಒಂದು ಭಾನುವಾರ ಮೌನೇಶ ಮುಂಡರಗಿಗೆ ಬಂದ. ಸೊರಗಿದ್ದ. ಶೈಲಾ ಚಾಪೆ ಹಾಸಿ ನೀರು ಕೊಟ್ಟಳು.

"ತೊಟ್ಟಲದಾಗ ಹಾಕತೀವಿ. ಸೋದರತ್ತಿ ಇಲ್ದ ಹೆಸರ ಇಡೋರ ಯಾರು?"

"ಒಂದ ಮಾತ ಕೇಳತೀನಿ. ನಾ ಗುಡಿ ಸುತ್ತ ಬೀಳಕೋತ ಏಳಕೋತ ಇದ್ದಾಗ, ಈಕಿಗೆ ಹೇಳಿಬಿಡೂಣು ಅಂತ ನಿನಗ ಒಂದಸಲಾನರ ಅನಸ್ತೇನು?"

"ಪ್ರತಿ ಸೋಮವಾರ ಅನಸ್ತಿತ್ತು" ಎಂದ ಮೌನೇಶ.

ಅನಿಸಲಿಲ್ಲ ಎಂದಿದ್ದರೆ ಅವಳು ತಡೆದುಕೊಳ್ಳುತ್ತಿದ್ದಳೇನೋ. ಪ್ರತಿ ಸೋಮವಾರ ಅನಿಸಿಯೂ ಸುಮ್ಮನಿದ್ದ.

"ಶೀತಲ್‌ಗ ಹೇಳು, ಕೂಸಿನ್ನ ನೋಡಾಕ ಬರತೀನಿ ಅಂತ. ಹೆಸರ ನೀವ ಇಡ್ರಿ."

ಅವನು ಚಪ್ಪಲಿ ಮೆಟ್ಟಿಕೊಂಡ. ಅಂಗಳದಲ್ಲಿ ನಿಂತು, "ಬಸ್ ಸ್ಟ್ಯಾಂಡ ತನಕ ಬರತೀಯೇನು?" ಎಂದು ಕೇಳಿದ.

"ಪೇಪರ ತಿದ್ದೂದೈತಿ" ಎಂದಳು ಶೈಲಾ.

ಅವನು ಹೋದ ಮೇಲೆ ಕೆಂಪು ಪೆನ್ನು ಹಿಡಿದು ಕೂತಳು. ಬಹಳ ಹೊತ್ತಿನವರೆಗೆ ಮೊದಲ ಮಗುವಿನ ಉತ್ತರದಲ್ಲಿ ಒಂದು ಸಾಲೂ ಅವಳಿಗೆ ಓದಲಾಗಲಿಲ್ಲ.