ಸಿಹಿನೀರು ಬ್ಯಾಟರಿಗಲ್ಲ

ಹೊನ್ನಾವರದ ಹತ್ತಿರದ ಕಾಸರಕೋಡಿನ ಗಂಗಿಗೆ ಈಚೆಗೆ ಒಂದೇ ಚಿಂತೆ. ಮಗಳು ಕಲ್ಪನಾಳ ಬ್ಯಾಟರಿ ಗಾಡಿ ದಾರಿಯ ನಡುವೆ ನಿಲ್ಲತೊಡಗಿತ್ತು.

ಕಲ್ಪನಾಳಿಗೆ ಎಳವೆಯಲ್ಲೇ ಪೋಲಿಯೋ ಆಗಿ ಕಾಲಿನ ಬಲ ಹೋಗಿತ್ತು. ಬಸ್‌ಸ್ಟಾಪಿನ ಎಸ್‌ಟಿಡಿ ಬೂತು ಅವಳದು. ಮೊದಲು ಅಣ್ಣ ಉದಯ ಸೈಕಲ್ ಮೇಲೆ ಕೂರಿಸಿಕೊಂಡು ಹೋಗಿ ಬಿಡುತ್ತಿದ್ದ. ಅವನು ಮೀನು ಹಿಡಿಯಲು ಬೋಟಿಗೆ ಹೋದ ದಿನ ಬೂತಿಗೆ ಬೀಗ. ಹೋದ ವರ್ಷ ಅಂಗವಿಕಲರ ಸಂಘದವರು ಮೂರು ಚಕ್ರದ ಬ್ಯಾಟರಿ ಗಾಡಿ ಕೊಡಿಸಿದ ಮೇಲೆ ಅವಳು ಯಾರಿಗೂ ಕಾಯಬೇಕಾಗಿರಲಿಲ್ಲ. ಒಬ್ಬಳೇ ಹೊರಟ ಮೊದಲ ದಿನ ಗಂಗಿ ಬೇಲಿಯವರೆಗೂ ಹಿಂದೆ ಓಡಿ, "ಹಗೂರ ಹೋಗೇ!" ಎಂದು ಕೂಗಿದ್ದಳು. ಮಗಳು ಹಿಂದೆ ತಿರುಗದೆ ಕೈ ಬೀಸಿದ್ದಳು. ಆ ಕೈಬೀಸು ನೆನೆದರೆ ಗಂಗಿಗೆ ಈಗಲೂ ನಗು ಬರುತ್ತದೆ.

ಈಗ ಮೀನು ಒಣಗಿಸುವ ಬಯಲಿನ ಹತ್ತಿರ ಬರುವಷ್ಟರಲ್ಲಿ ಗಾಡಿ ಸೋತುಬಿಡುತ್ತದೆ. ಅಲ್ಲಿರುವ ಹೆಂಗಸರು ಬುಟ್ಟಿ ಇಳಿಸಿ ದೂಡಿಕೊಡುತ್ತಾರೆ. ಅವರಲ್ಲೊಬ್ಬಳು ಮಾದಿ, ಗಾಡಿಗೆ ಮೀನಿನ ವಾಸನೆ ಹತ್ತಬಾರದೆಂದು ಮೊದಲು ಸೆರಗಿಗೆ ಕೈ ಒರೆಸಿಕೊಂಡೇ ಮುಟ್ಟುವವಳು.

"ಅವ್ವಾ, ಬೂತು ಬಿಟ್ಟುಕೊಡ್ವಾ ಅಂತ ಮಾಡಿದೆ," ಎಂದಳು ಕಲ್ಪನಾ ಒಂದು ಸಂಜೆ. "ದಿನಾ ಮಂದಿ ಹತ್ರ ದೂಡಿಸ್ಕಳೂದು ಸಾಕಾತು."

"ಪುಕ್ಕಟೆ ಬಂದ ಗಾಡಿ ಅಲ್ದಾ? ಅದ್ರ ಆಯುಷ್ಯ ಇಷ್ಟೇ," ಎಂದು ಗಂಗಿ ಗೊಣಗಿದಳು. ಆದರೆ ಮಗಳ ಮುಖ ನೋಡಲು ಆಗಲಿಲ್ಲ.

ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವ ವಿನುತಾ ಅಕ್ಕೋರು ಕಲ್ಪನಾಳ ಜೊತೆಗೆ ಓದಿದವಳು. ಗಾಡಿ ನಿಂತಿದ್ದನ್ನು ಬಸ್ಸಿನಿಂದ ಕಂಡವಳು ರವಿವಾರ ಮನೆಗೇ ಬಂದಳು.

"ಎಂತ ಗಂಗಕ್ಕ, ಗಾಡಿ ಮುನಿಸ್ಕಂಡದ್ಯಂತೆ?"

"ನೀವೇ ಕೇಳಿ ಅಕ್ಕೋರೆ. ನನ್ನ ಮಾತಂತೂ ಕೇಳೂದಿಲ್ಲ."

ವಿನುತಾ ಬ್ಯಾಟರಿಯ ಮುಚ್ಚಳ ತೆಗೆದು ಟಾರ್ಚ್ ಬಿಟ್ಟು ನೋಡಿದಳು. "ಇದಕ್ಕೆ ನೀರು ಹಾಕೂದು ಯಾರು?"

"ಮತ್ಯಾರು? ನಾನೇ!" ಗಂಗಿಯ ಎದೆ ಉಬ್ಬಿತು. "ನಮ್ಮ ಬಾವಿದು ಉಪ್ಪು ನೀರು. ಅದನ್ನ ಹಾಕೂಕೆ ನಂಗೆ ಬುದ್ಧಿ ಇಲ್ವಾ? ದುರ್ಗಪ್ಪನ ಬಾವಿಂದ ಸಿಹಿನೀರು ತಂದು, ಬಟ್ಟೇಲಿ ಸೋಸಿ ಹಾಕ್ತೆ. ನಾವು ಕುಡಿಯೂದಕ್ಕಿಂತ ಚೊಕ್ಕ."

ಕಲ್ಪನಾ ಬೆರಗಾದಳು. "ಅಷ್ಟು ದೂರ ಹೋಗಿ ತರ್ತಿದ್ಯಾ? ನಂಗೆ ಹೇಳಲೇ ಇಲ್ಲ."

"ಹೇಳೂದೆಂತದು ಅದರಲ್ಲಿ?"

ವಿನುತಾ ನಗಲಿಲ್ಲ. ಗಂಗಿಯ ಪಕ್ಕದಲ್ಲೇ ನೆಲದ ಮೇಲೆ ಕುಳಿತಳು. "ಸಿಹಿನೀರು ಅಂದ್ರೆ ನಾಲಿಗೆಗೆ ಸಿಹಿ, ಗಂಗಕ್ಕ. ಬ್ಯಾಟರಿಗೆ ನಾಲಿಗೆ ಇಲ್ಲ. ಎಂಥ ಬಾವಿ ನೀರಲ್ಲೂ ಕಣ್ಣಿಗೆ ಕಾಣದ ಸುಣ್ಣ, ಉಪ್ಪು ಕರಗಿರ್ತದೆ. ಹಂಡೆ ಒಳಗೆ ಬಿಳೀ ಪೊರೆ ಕಟ್ಟೂದಿಲ್ವಾ? ಅಂಥದ್ದು ಬ್ಯಾಟರಿ ಒಳಗೆ ಸೇರಿದ್ರೆ ಅದರ ಶಕ್ತಿ ಕುಂದ್ತದೆ. ಇದಕ್ಕೆ ಹಬೆ ತಣಿಸಿ ಮಾಡಿದ ನೀರೇ ಆಗಬೇಕು. ಹೊನ್ನಾವರದ ಪೆಟ್ರೋಲ್ ಬಂಕಲ್ಲಿ 'ಡಿಸ್ಟಿಲ್ಡ್ ವಾಟರ್' ಅಂತ ಕೇಳಿದ್ರೆ ಕೊಡ್ತಾರೆ. ಅದಿರಲಿ, ಚಾರ್ಜಿಗೆ ಯಾವಾಗ ಹಾಕ್ತೀರಿ?"

"ಪೂರ್ತಿ ಸೋತು ನಿಂತ ಮೇಲೆ. ಹಸಿವಾಗದೆ ಬಡಿಸಿದ್ರೆ ಅಜೀರ್ಣ ಆಗೂದಿಲ್ವಾ?"

ಈಗ ಮಾತ್ರ ವಿನುತಾ ನಗು ತಡೆಯಲಿಲ್ಲ, ಕಲ್ಪನಾಳೂ ನಕ್ಕಳು. "ಇದಕ್ಕೆ ಉಪವಾಸವೇ ರೋಗ, ಗಂಗಕ್ಕ! ಗಾಡಿ ಓಡಿದ ದಿನವೇ ಚಾರ್ಜಿಗೆ ಹಾಕಿ. ಹಸಿರು ದೀಪ ಬರುವವರೆಗೆ ತೆಗೀಬೇಡಿ. ಮಳೆಗಾಲದಲ್ಲಿ ಗಾಡಿ ಮನೆಯಲ್ಲೇ ಇದ್ರೂ ಆಗಾಗ ಚಾರ್ಜ್ ಮಾಡ್ತಾ ಇರಿ."

"ಥಂಡಿ ಆಗಬಾರದು ಅಂತ ಒಲೆ ಹತ್ರ ಇಟ್ಟದ್ದಾದ್ರೂ ಸರಿಯಾ?"

"ಅಯ್ಯೋ, ಅದು ಬೇಡವೇ ಬೇಡ. ಚಾರ್ಜ್ ಆಗುವಾಗ ಬೆಂಕಿ ಹೊತ್ತುವಂಥ ಗಾಳಿ ಹೊರಡ್ತದೆ. ಜಗಲಿಗೆ ತನ್ನಿ."

ಗಂಗಿಯ ಮುಖ ಬಾಡಿತು. "ಹಂಗಾರೆ ಅದನ್ನ ಕೊಂದದ್ದು ನಾನೇ."

"ಸತ್ತಿಲ್ಲ ಅವ್ವಾ, ಸೊರಗಿದೆ ಅಷ್ಟೇ," ಎಂದು ಕಲ್ಪನಾ ತಾಯಿಯ ಕೈ ಹಿಡಿದಳು. "ನನ್ನನ್ನೂ ಹೀಂಗೇ ಅಲ್ದಾ ನೀ ಸಾಕಿದ್ದು? ಇದಕ್ಕೆ ಪಥ್ಯ ಬೇರೆ."

ಮರುದಿನವೇ ಉದಯ ಬಂಕಿನಿಂದ ಬ್ಯಾಟರಿ ನೀರಿನ ಬಾಟಲಿ ತಂದ. ಆ ನೀರು ಹಾಕಿ ದಿನವೂ ಚಾರ್ಜ್ ಮಾಡಿದರೂ ಕುಂದಿದ ಶಕ್ತಿ ಪೂರ್ತಿ ಮರಳಲಿಲ್ಲ. ಗಾಡಿ ಮೊದಲಿನಂತೆ ಸೇತುವೆ ದಾಟಿ ಹೊನ್ನಾವರದ ಪೇಟೆಗೆ ಹೋಗದು. ಆದರೆ ಬೂತಿಗೆ ಹೋಗಿ ಮನೆಗೆ ಬರಲು ಧಾರಾಳವಾಯಿತು. ಬಯಲಿನಲ್ಲಿ ಮಾದಿ ಅಭ್ಯಾಸಬಲದಿಂದ ಎದ್ದು ಬಂದರೆ ಗಾಡಿ ಮುಂದೆ ಹೋಗಿಯಾಗಿತ್ತು. "ನಮ್ಮನ್ನ ಮರ್ತೇಬಿಟ್ಯಲ್ಲೇ!" ಎಂದು ಅವಳು ಹಿಂದಿನಿಂದ ಬೈದಳು, ಖುಷಿಯಿಂದಲೇ.

ಸಂಜೆ ಗಾಡಿ ಅಂಗಳಕ್ಕೆ ಬಂದರೆ ಗಂಗಿ ಈಗ ಮಗಳಿಗೆ ಚಹಾ ಕೊಟ್ಟು, ಚಾರ್ಜರಿನ ತಂತಿ ಹಿಡಿದು ಜಗಲಿಗೆ ಹೋಗುತ್ತಾಳೆ. ಬೂತು ಬಿಡುವ ಮಾತು ಆ ಮನೆಯಲ್ಲಿ ಮತ್ತೆ ಬಂದಿಲ್ಲ.

ಅಕ್ಕ ತಂಗಿಯರೇ, ನಿಮ್ಮ ಮನೆಯಲ್ಲೂ ಇಂಥ ಗಾಡಿಯೋ, ಇನ್ವರ್ಟರೋ, ಸೋಲಾರ್ ದೀಪವೋ ಇದ್ದೀತು. ಮುಚ್ಚಳ ತೆಗೆಯುವ ಬ್ಯಾಟರಿಯಾದರೆ ನೀರು ಇಳಿದಿದೆಯೇ ನೋಡಿ. ಒಳಗಿನದು ಆಸಿಡ್, ಕೈ ತಾಗಿಸಬೇಡಿ. ಮಕ್ಕಳನ್ನು ದೂರ ಇಡಿ. ಬ್ಯಾಟರಿ ನೀರನ್ನೇ ಹಾಕಿ, ಸೋಲುವ ಮೊದಲೇ ಚಾರ್ಜ್ ಮಾಡಿ. ಆ ಪೆಟ್ಟಿಗೆಯನ್ನೇ ನಂಬಿ ಯಾರೋ ಒಬ್ಬರು ನಾಳೆ ಬೆಳಿಗ್ಗೆ ಒಬ್ಬರೇ ಹೊರಡುವವರಿದ್ದಾರೆ.