ಪುಟ್ಟಿಯ ಹಿಂದೆ

ಕಾರು ರಿಪೇರಿಯ ಶೆಡ್ಡಿನಲ್ಲಿ ತಗಡಿನ ಕೆಲಸ ತಮ್ಮನದು, ಬಣ್ಣದ ಕೆಲಸ ಅಕ್ಕನದು. ಅಪ್ಪ ಕಣ್ಮುಚ್ಚಿದ ಮೇಲೆ ಹನ್ನೊಂದು ವರ್ಷ ಹಾಗೇ ನಡೆದಿತ್ತು. ಆ ದಿನ ಬಣ್ಣಕ್ಕೆ ಬಂದು ನಿಂತಿದ್ದು ನರ್ಸಮ್ಮನ ಹಳೇ ಕಾರು. ಹೆರಿಗೆ ನೋವು ಬಂದವರನ್ನು ಆಸ್ಪತ್ರೆಗೆ ಮುಟ್ಟಿಸುವ ಕಾರು ಅದು. ಬಾಗಿಲ ಕೆಳಗಿನ ಪಟ್ಟಿಯನ್ನು ತುಕ್ಕು ತಿಂದಿದೆ, ಕತ್ತರಿಸಿ ಹೊಸ ತಗಡು ಹಾಕಿ ಎಂದು ಅವರು ಹೇಳಿ ಹೋಗಿದ್ದರು. ಹಾಕಿದ್ದೇನೆ ಎಂದಿದ್ದ ತಮ್ಮ.

ಅಕ್ಕ ಆ ಪಟ್ಟಿಗೆ ಎಮರಿ ಪೇಪರ್ ಉಜ್ಜುವಾಗ ಬೆರಳ ಗಿಣ್ಣು ತಗುಲಿತು. ಠಣ್ ಅನ್ನಬೇಕಾದ ಕಡೆ ದಬ್ ಅಂದಿತು. ಅಯಸ್ಕಾಂತ ಹಿಡಿದಳು, ಅಂಟದೆ ಜಾರಿ ಬಿತ್ತು. ಸ್ಕ್ರೂಡ್ರೈವರ್ ಚುಚ್ಚಿ ತಿರುವಿದಳು. ತಗ್ಗು ತುಂಬಲು ಮೆತ್ತುವ ಪುಟ್ಟಿ ಅಂಗೈಯಗಲ ಕಳಚಿಕೊಂಡಿತು. ಹಿಂದೆ ತಗಡೇ ಇಲ್ಲ! ಮುದುರಿ ತುರುಕಿದ ಹಳೇ ಪೇಪರು, ಸುತ್ತ ಮುಟ್ಟಿದರೆ ಉದುರುವ ಕೆಂಪು ಪುಡಿ.

ಆಕೆಯ ಮೈಯೆಲ್ಲ ಉರಿದುಹೋಯಿತು.

“ಏನೋ ಇದು?” ಟೀ ಕುಡಿದು ಬಂದ ತಮ್ಮನ ಎದೆಗೆ ಪೇಪರಿನ ಉಂಡೆ ಎಸೆದಳು.

“ಕಾರೇ ಇನ್ನೆಷ್ಟು ದಿನ ಇರತ್ತೆ ಅಕ್ಕ? ಬಣ್ಣ ಹೊಡೆದ್ರೆ ಯಾರಿಗೆ ಕಾಣತ್ತೆ?”

“ಮೇಲೆ ಥಳಕು, ಒಳಗೆ ಹುಳುಕು! ತುಂಬು ಬಸುರಿಯರನ್ನ ಕೂರಿಸ್ಕೊಂಡು ಹೋಗ್ತಾರೆ ಕಣೋ. ಪಕ್ಕದಿಂದ ಯಾರಾದ್ರೂ ಗುದ್ದಿದ್ರೆ ನಿನ್ನ ಪೇಪರ್ ತಡೆಯತ್ತಾ?”

“ಕೂಗಾಡ್ಬೇಡ. ಬೀದಿಗೆಲ್ಲ ಕೇಳತ್ತೆ.”

“ಕೇಳ್ಲಿ!”

ಬೀದಿಗೆ ಕೇಳಿತೋ ಇಲ್ಲವೋ, ಗೇಟಿನ ಬಳಿ ಬಂದಿದ್ದ ನರ್ಸಮ್ಮನಿಗೆ ಕೇಳಿತ್ತು. ಬಗ್ಗಿ ತೂತು ನೋಡಿದರು. ತಮ್ಮನನ್ನು ಕಣ್ಣೆತ್ತಿಯೂ ನೋಡದೆ ಅಕ್ಕನ ಕಡೆ ತಿರುಗಿದರು.

“ನಾನು ಬಂದಿದ್ದು ನಿನ್ನನ್ನ ನಂಬಿ. ಇಷ್ಟು ವರ್ಷ ಇವನ ಪುಟ್ಟಿ ಮೇಲೆ ಬಣ್ಣ ಬಳಿದಿದ್ದು ಯಾರಮ್ಮ? ಒಂದು ಸಲನಾದ್ರೂ ತಟ್ಟಿ ನೋಡಿದ್ಯಾ?”

ಅಕ್ಕ ಒಂದು ಸಲವೂ ತಟ್ಟಿ ನೋಡಿರಲಿಲ್ಲ. ತಮ್ಮನ ಮೇಲಿದ್ದ ಸಿಟ್ಟು ಅರ್ಧ ತನ್ನ ಮೇಲೇ ತಿರುಗಿ ಇನ್ನಷ್ಟು ಸುಟ್ಟಿತು.

“ನಾಲ್ಕು ದಿನ ಕೊಡಿ. ಬಣ್ಣ ಹೊಡೆಯೋ ಮುಂಚೆ ನೀವೇ ಬಂದು ನೋಡಿ.”

ತಮ್ಮ ದುಮುಗುಡುತ್ತಲೇ ಕೆಲಸ ಮಾಡಿದ. ಅಕ್ಕ ಪಕ್ಕದಿಂದ ಕದಲಲಿಲ್ಲ. ಹೊಳೆಯುವ ಗಟ್ಟಿ ತಗಡು ಸಿಗುವವರೆಗೂ “ಇನ್ನೂ ಕತ್ತರಿಸು” ಎಂದಳು. ಹೊಸ ಪಟ್ಟಿಗೆ ಬೆಸುಗೆ ಹಾಕಿಸಿ, ಒಳಗೂ ಹೊರಗೂ ತುಕ್ಕು ತಡೆಯುವ ಪ್ರೈಮರ್ ತಾನೇ ಹೊಡೆದಳು. ಬಾಗಿಲಡಿಯಲ್ಲಿ ನೀರು ಇಳಿದುಹೋಗುವ ತೂತುಗಳು ಕೆಸರು ಕಟ್ಟಿ ಮುಚ್ಚಿದ್ದವು. ತುಕ್ಕಿನ ಮೂಲವೇ ಅದು. ತಂತಿ ತೂರಿಸಿ ಬಿಡಿಸಿದಳು. ಮೂರನೆಯ ದಿನ ನರ್ಸಮ್ಮ ಬಂದು ಮಂಡಿಯೂರಿ ನೋಡಿ, “ಹೊಡಿ ಬಣ್ಣ” ಎಂದರು ಅಷ್ಟೇ. ನಗಲಿಲ್ಲ.

ಕಾರು ಹೋದ ಮೇಲೆ ಅಕ್ಕ ಹಳೇ ಗಿರಾಕಿಗಳಿಗೆ ಒಂದೊಂದಾಗಿ ಫೋನ್ ಮಾಡತೊಡಗಿದಳು. “ನಿಮ್ಮ ಕಾರು ಒಂದ್ಸಲ ತಂದು ತೋರ್ಸಿ. ನಮ್ಮಿಂದ ತಪ್ಪಾಗಿರಬಹುದು.”

“ತಲೆ ಕೆಟ್ಟಿದ್ಯಾ ನಿಂಗೆ?” ತಮ್ಮ ರೇಗಿದ. “ನಮ್ಮ ಹೊಟ್ಟೆ ಮೇಲೆ ನೀನೇ ಹೊಡೀತಿದೀಯಲ್ಲ!”

“ಬಾಯ್ಮುಚ್ಚು, ಮಾತಾಡ್ತಿದೀನಿ,” ಎಂದು ಆಕೆ ಇನ್ನೊಂದು ಕಿವಿ ಮುಚ್ಚಿಕೊಂಡಳು.

ತಮ್ಮ ಸುತ್ತಿಗೆ ಬಿಸಾಡಿ ಹೊರನಡೆದ. ಮರುದಿನ ಬೆಳಿಗ್ಗೆ ಬಂದಾಗ ಶೆಡ್ಡಿನ ಮುಂದೆ ಹಳೇ ಗಿರಾಕಿಗಳ ಮೂರು ಕಾರು ನಿಂತಿದ್ದವು. ಅವನು ತಗಡು ಕತ್ತರಿಸುವ ಗ್ರೈಂಡರ್ ಎತ್ತಿಕೊಂಡ. ಅಕ್ಕ ಮೊದಲ ಕಾರಿನ ಬಾಗಿಲಡಿ ಗಿಣ್ಣಿನಿಂದ ತಟ್ಟಿದಳು.